ನಾಗಪುರದಲ್ಲೊಂದು ರಾಂಗ್ ನಂಬರು

ಧಾರವಾಡದಲ್ಲಿ ನಾವು ‘ಪಾಳಿ’ ಅನ್ನುವುದಕ್ಕೆ ಮರಾಠಿಯವರು ‘ರಾಂಗ’ ಅನ್ನುತ್ತಾರೆ. ಹೆಸರಿನಲ್ಲೇ ಎಚ್ಚರಿಕೆ ಇತ್ತು. ನನಗೆ ಹೊಳೆಯಲಿಲ್ಲ.

ಮಿಹಾನ್ ಕೈಗಾರಿಕಾ ವಲಯದ ಐಟಿ ಕೆಲಸಕ್ಕೆಂದು ನಾಗಪುರಕ್ಕೆ ಬಂದವನು ತರ್ರಿ ಪೋಹಾದ ಬಲೆಗೆ ಬಿದ್ದೆ. ಬಿಸಿ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ಕೊಡುತ್ತಾರೆ; ಒಂದು ಚಮಚ ಬಾಯಿಗಿಟ್ಟರೆ ಕಿವಿಯಲ್ಲಿ ಸೀಟಿ. ಆದರೆ ಗಾಡಿಯ ಮುಂದೆ ಪಾಳಿ ಎಂಬುದೇ ಇಲ್ಲ. ಕೈ ಉದ್ದ ಇದ್ದವನಿಗೆ ಪ್ಲೇಟು. ನನ್ನ ಕೈ ಗಿಡ್ಡ.

“ಭಾವೂ, ನಮ್ಮ ಪ್ರೋಗ್ರಾಮಿಂಗಿನಲ್ಲಿ ಕ್ಯೂ ಅಂತ ಇದೆ. ಹಿಂದಿನಿಂದ ಸೇರಬೇಕು, ಮುಂದಿನಿಂದ ಬಿಡಬೇಕು. ಮೊದಲು ಬಂದವನು ಮೊದಲು ಹೋಗ್ತಾನೆ. ನಡುವೆ ತೂರೋ ಹಾಗಿಲ್ಲ,” ಅಂದೆ.

“ಅದಕ್ಕೆ ಕಂಪ್ಯೂಟರ್ ಯಾಕೆ? ಒಂದು ಕೋಲು ಸಾಕು,” ಅಂದ ಗಾಡಿಯವ.

ನಾನು ಬಿಡಲಿಲ್ಲ. ಸಾದಾ ಪಾಳಿಯಲ್ಲಿ ಮುಂದಿನವನು ಹೋದಾಗಲೆಲ್ಲ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು. ಹಿಂದೆ ಸಾವಿರ ಜನರಿದ್ದರೆ ಸಾವಿರ ಹೆಜ್ಜೆ ದಂಡ. ಅದಕ್ಕೇ ಸುತ್ತುವ ಕ್ಯೂ. ಎಂಟು ಸ್ಟೂಲು ಗುಂಡಗೆ ಇಟ್ಟು, ಒಂದೊಂದಕ್ಕೂ 0ಯಿಂದ 7ರವರೆಗೆ ನಂಬರಿನ ಬಿಲ್ಲೆ ಮಾಡಿದೆ. ಯಾರೂ ಏಳುವುದು ಬೇಡ. ಸರಿಯುವುದು ಫೋನಿನೊಳಗಿನ ಎರಡು ಬೆರಳು ಮಾತ್ರ. ಒಂದು, ಮುಂದಿನ ಪ್ಲೇಟು ಯಾರಿಗೆಂದು ತೋರಿಸುತ್ತದೆ. ಇನ್ನೊಂದು, ಹೊಸಬ ಎಲ್ಲಿ ಕೂರಬೇಕೆಂದು. 7ರ ನಂತರ ಮತ್ತೆ 0. ಎರಡೂ ಬೆರಳು ಒಂದೇ ಕಡೆ ಬಂದರೆ ‘ಪಾಳಿ ಖಾಲಿ’ ಎಂದು ಪ್ರೋಗ್ರಾಮಿನಲ್ಲಿ ಬರೆದೆ. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಸೊಗಸಾಗಿ ನಡೆಯಿತು. ಮನೆಯಲ್ಲಿರುವವರು ಮೂವರು.

ಭಾನುವಾರ ಮೊದಲು ಬಂದ ಹಿರಿಯರಿಗೆ 0 ಬಿಲ್ಲೆ ಸಿಕ್ಕಿತು. “ಬೋಣಿಗೆ ಹೊತ್ತಿನಲ್ಲೇ ನನ್ನನ್ನು ಸೊನ್ನೆ ಮಾಡಿದೆಯಾ?” ಎಂದು ಸಿಡುಕಿದರು. “ಕಾಕಾ, ನಿಮ್ಮದು ಝೀರೋ ಮೈಲ್ ಕಂಬದ ಊರು. ನಾವೂ ಸೊನ್ನೆಯಿಂದಲೇ ಎಣಿಸೋದು,” ಎಂದು ಸಮಾಧಾನ ಮಾಡಿದೆ.

ಅವಲಕ್ಕಿ ಇನ್ನೂ ಕಡಾಯಿಯಲ್ಲಿತ್ತು. ಅಷ್ಟರಲ್ಲಿ ಎಂಟೂ ಸ್ಟೂಲು ತುಂಬಿದವು. ಎರಡನೇ ಬೆರಳು ಪೂರ್ತಿ ಸುತ್ತು ಹಾಕಿ ಸೊನ್ನೆಗೆ ಬಂತು. ಮೊದಲನೆಯದು ಸೊನ್ನೆ ಬಿಟ್ಟು ಕದಲಿರಲೇ ಇಲ್ಲ. ಎಂಟು ಹಸಿದ ಹೊಟ್ಟೆಗಳ ನಡುವೆ ಫೋನು ಘೋಷಿಸಿತು: ‘ಪಾಳಿ ಖಾಲಿ.’

ಒಂಬತ್ತನೆಯವನು ಬಂದ. ಖಾಲಿಯಲ್ಲವೇ, ಅವನಿಗೂ 0 ಸಿಕ್ಕಿತು. ಪರದೆಯ ಮೇಲೆ ‘ಕಾಯುತ್ತಿರುವವರು: 1’. ಕಾಕಾ ಎದ್ದು ನಿಂತರು. “ಮೊದಲು ಸೊನ್ನೆ ಅಂದೆ, ಈಗ ಇಲ್ಲವೇ ಇಲ್ಲ ಅಂತೀಯಾ?” ಆಮೇಲೆ ಉದ್ದ ಕೈಗಳು ಮುಂದೆ ಬಂದವು, ಪ್ಲೇಟಿಗಲ್ಲ, ನನ್ನ ಕಾಲರಿಗೆ.

ಗದ್ದಲ ತಣ್ಣಗಾದ ಮೇಲೆ ಭಾವೂ ಬಿಲ್ಲೆಗಳನ್ನು ಬಳಿದುಕೊಂಡ. “ಎಂಟಿದ್ದರೆ ಏಳೇ ಕೊಡಬೇಕು. ಗಲ್ಲಾ ಪೂರ್ತಿ ಬರಿದು ಮಾಡಬಾರದು, ಅಷ್ಟೂ ಗೊತ್ತಿಲ್ಲವಾ?”

ನಾನು ಬೆವರಿದೆ. ಪಠ್ಯಪುಸ್ತಕದ ಪರಿಹಾರವೂ ಅದೇ: ಒಂದು ಜಾಗ ಸದಾ ಖಾಲಿ ಬಿಡಿ, ಆಗ ತುಂಬಿದ್ದಕ್ಕೂ ಬರಿದಾದದ್ದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಇಲ್ಲವೇ ತಲೆ ಎಣಿಸುತ್ತಾ ಇರಿ. ಕಾಲೇಜಿನಲ್ಲಿ ಆ ಪುಟ ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ.

ಭಾವೂ 7ರ ಬಿಲ್ಲೆಯನ್ನು ನನ್ನ ಜೇಬಿಗೆ ಹಾಕಿದ. “ಇದು ನಿನಗೇ. ಇದನ್ನು ಮಾತ್ರ ನಾನು ಕೂಗೋದಿಲ್ಲ.”

ಪುಸ್ತಕದ ಪ್ರಕಾರ ಆ ಖಾಲಿ ಜಾಗವೂ ಸುತ್ತುತ್ತಾ ಒಮ್ಮೊಮ್ಮೆ ಎಲ್ಲರ ಪಾಲಿಗೂ ಬರಬೇಕು. ನಾಗಪುರದಲ್ಲಿ ಅದು ನನ್ನ ಜೇಬಿನಲ್ಲೇ ಕಾಯಂ.