ಹೊಳಿ ದಂಡ್ಯಾಗ ಸ್ವಚ್ಛತಾ

(ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರ, ತುಂಗಭದ್ರೆಯ ದಂಡೆ. ಚೀಲ ಹಿಡಿದ ಕಾಲೇಜು ಹುಡುಗರು. ಚಹಾದಂಗಡಿ ಬಸಣ್ಣ, ಅವನ ಚಹಾಕ್ಕಿಂತ ಬಾಯಿ ಬಿಸಿ.)

ಬಸಣ್ಣ: ಏನ್ ಆರಸಾಕತ್ತೀರಿ ತಮ್ಮಾ?

ಹುಡುಗ: ಕಸ, ಕಾಕಾ. ಹೊಳಿ ಸ್ವಚ್ಛ ಮಾಡಾಕ ಬಂದೀವಿ.

ಬಸಣ್ಣ: ನಿನ್ನೆರ ಸಾಹೇಬ್ರು ಬಂದು ಮಾಡಿ ಹೋದ್ರಲ್ಲೋ!

ಹುಡುಗ: ಅವರು ಮಾಡಿದ್ದನ್ನ ಆರಸಾಕತ್ತೀವ್ರಿ. ಇಕಾ, ನೀರಿನ ಬಾಟ್ಲಿ, ಉಪ್ಪಿಟ್ಟಿನ ತಾಟು, ‘ಪ್ಲಾಸ್ಟಿಕ್ ಬಿಡಿ’ ಅನ್ನೋ ಫ್ಲೆಕ್ಸು.

ಬಸಣ್ಣ: ಫ್ಲೆಕ್ಸ್ ಯಾತರದು?

ಹುಡುಗ: ಪ್ಲಾಸ್ಟಿಕ್ಕಿಂದು. 2016ರಾಗ ಸರಕಾರ ನಿಷೇಧ ಮಾಡೈತ್ರಿ.

ಬಸಣ್ಣ: ಅದಕ್ಕ ಹೊಳ್ಯಾಗ ಬಿಟ್ಟು ಹೋಗ್ಯಾರ. ಫೋಟೊ ಯಾರದು?

ಹುಡುಗ: ಪೂರಾ ಸಾಹೇಬ್ರದು. ಹೊಳಿ ಮೂಲ್ಯಾಗ ಸಣ್ಣಗೆ ಐತಿ.

ಬಸಣ್ಣ: ಬ್ಯಾಸಗ್ಯಾಗ ಅಷ್ಟ ಇರತೈತಿ ಬಿಡು. ಹೊಲಸು ನೀರು ಬಿಡಬಾರದು ಅಂತ ಕಾನೂನಿಲ್ಲೇನು?

ಹುಡುಗ: 1974ರಾಗ ಬಂದೈತ್ರಿ.

ಬಸಣ್ಣ: ಬಂದೈತಿ ಖರೆ, ಇಲ್ಲಿ ತನಕ ಬಸ್ಸು ಸಿಕ್ಕಿಲ್ಲ ಕಾಣತೈತಿ.

ಹುಡುಗ: ಚರಂಡಿ ನೀರು ನಡಕೊಂತನ ಬಂತ್ರಿ.

ಬಸಣ್ಣ: ಪಾಪ, ಪಾದಯಾತ್ರೆ! ಅಂಬಿಗರ ಚೌಡಯ್ಯ ಈಗಿದ್ರ ಹುಟ್ಟು ಎಲ್ಲಿ ಹಾಕತಿದ್ದ, ಬಾಟ್ಲಿ ನಡುವನ?

(ಹುಡುಗನ ಫೋನು ರಿಂಗಾಗುತ್ತದೆ.)

ಹುಡುಗ: ಕಾಕಾ, ಸಾಹೇಬ್ರ ಕಡೆಯವರು. ನಾಳೆ ಇಲ್ಲೇ ನಮಗ ಸನ್ಮಾನ ಅಂತ!

ಬಸಣ್ಣ: ಊಟ?

ಹುಡುಗ: ಪ್ಯಾಕೆಟ್ಟಂತ್ರಿ.

ಬಸಣ್ಣ: ಹಂಗಾರ ಚೀಲ ಒಯ್ಯಬ್ಯಾಡ್ರಿ. ನಾಡದ ಮತ್ತ ಬೇಕಾಗತಾವ.