ಸರ್ವರ್ ನಾಮಕರಣ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ಪದ್ಧತಿ. ವಿಷಯ: ಹಲವರು ಕೂಡಿ ಆಡುವ ಆನ್‌ಲೈನ್ ಆಟದ ಸರ್ವರಿಗೆ ಹೆಸರಿಡುವುದು. ಪ್ರಯೋಜನ: ರಾತ್ರಿ ಒಂಬತ್ತರ ಹೊತ್ತಿಗೆ ಅದರೊಳಗೆ ಹತ್ತು ಜನ ಇರುವುದು. ಅಧಿಕಾರಿ: ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆಯೋ ಅವನು. ಸಂಬಂಧ: ಕರೆಂಟು ಹೋಗುವವರೆಗೆ.

ಹೆಸರೇ ಯಾಕೆ ಬೇಕು ಎನ್ನುವ ನಿರ್ಗುಣ ಪಂಥದವರು ಈ ಕ್ಷೇತ್ರದ ಪ್ರಾಚೀನರು. 1996ರ ‘ಕ್ವೇಕ್’ ಆಟದಲ್ಲಿ ಯಜಮಾನ ಏನನ್ನೂ ಬರೆಯದಿದ್ದರೆ ಸರ್ವರ್ ತನ್ನನ್ನು ‘ಅನ್‌ನೇಮ್ಡ್’ ಎಂದು ಪರಿಚಯಿಸಿಕೊಳ್ಳುತ್ತಿತ್ತು. 1999ರ ‘ಕ್ವೇಕ್ 3’ರಲ್ಲಿ ಅದೇ ‘ನೋನೇಮ್’ ಆಯಿತು. ಮೂರು ವರ್ಷದ ತತ್ತ್ವಚಿಂತನೆಯ ಫಲ. ‘ಮೈನ್‌ಕ್ರಾಫ್ಟ್’ ಸರ್ವರನ್ನು ಹೂಡಿ ಸುಮ್ಮನೆ ಬಿಟ್ಟರೆ ‘ಎ ಮೈನ್‌ಕ್ರಾಫ್ಟ್ ಸರ್ವರ್’ ಎಂಬ ಸಾಲು ಕಾಣುತ್ತದೆ, ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಒಂದು ಮಗು’ ಎಂದು ಉಸುರಿದ ಹಾಗೆ. ಈ ಪಂಥಕ್ಕೆ ಅನುಯಾಯಿಗಳ ಕೊರತೆ ಎಂದೂ ಬಂದಿಲ್ಲ. ಸೋಮಾರಿತನವೊಂದೇ ದೀಕ್ಷೆ.

ಇಡುವುದೇ ಆದರೆ ಪಂಚಾಂಗ ನೋಡಿ ಇಡಿ ಎಂದು ಇನ್ನೊಂದು ಮತ ಹುಟ್ಟಬಹುದು. ಅದನ್ನು ಹುಟ್ಟುವ ಮೊದಲೇ ಖಂಡಿಸುತ್ತೇವೆ. ದಿನಾ ಬೆಳಗಿನ ಜಾವ ರೀಸ್ಟಾರ್ಟ್ ಆಗುವ ಯಂತ್ರಕ್ಕೆ ಜನ್ಮನಕ್ಷತ್ರ ದಿನಕ್ಕೊಂದು. ಸಾಲದ್ದಕ್ಕೆ, ಅಶ್ವಿನಿಯ ನಾಲ್ಕನೇ ಪಾದದಲ್ಲಿ ಬೂಟ್ ಆದ ಸರ್ವರಿಗೆ ‘ಲ’ಕಾರ ಬರುತ್ತದೆ, ‘ಲ್ಯಾಗ್’ ಅಲ್ಲದೆ ಬೇರೇನೂ ಹೊಳೆಯುವುದಿಲ್ಲ.

ಪಾಶ್ಚಾತ್ಯ ಆಚಾರ್ಯರಲ್ಲಿ ಡಾನ್ ಲೈಬ್ಸ್ ಅಗ್ರಗಣ್ಯರು. ಇಂಟರ್‌ನೆಟ್ಟಿನ ಆಗಮಗಳೆನಿಸಿದ ಆರ್‌ಎಫ್‌ಸಿ ಮಾಲೆಯ 1178ನೆಯದು, 1990ರ ಆಗಸ್ಟಿನಲ್ಲಿ ಅವರು ಬರೆದದ್ದು, ಕಂಪ್ಯೂಟರಿಗೆ ಹೆಸರಿಡುವ ಬಗೆಯನ್ನೇ ಕುರಿತದ್ದು. ನಿನ್ನ ಹೆಸರನ್ನೇ ಇಡಬೇಡ, ಉದ್ದ ಮಾಡಬೇಡ, ಕಾಗುಣಿತ ತಿರುಚಬೇಡ, ಅಂಕಿಯಿಂದ ಆರಂಭಿಸಬೇಡ ಎಂದೆಲ್ಲ ಅದರ ವಿಧಿನಿಷೇಧ. ‘ಅಪ್’ ಎಂಬ ಯಂತ್ರವೊಂದು ಕೈಕೊಟ್ಟರೆ ‘ಅಪ್ ಡೌನಾ?’ ಎಂದು ಕೇಳಬೇಕಾಗುತ್ತಿತ್ತಂತೆ. ಆಟದ ಸರ್ವರುಗಳ ಯಜಮಾನರು ಈ ಗ್ರಂಥವನ್ನು ಕಂಠಪಾಠ ಮಾಡಿದ್ದಾರೆಂದೇ ನಮ್ಮ ಊಹೆ. ಒಂದನ್ನೂ ಬಿಡದೆ ಎಲ್ಲ ನಿಷೇಧಗಳನ್ನೂ ಮೀರುವುದು ಅಜ್ಞಾನಿಗಳಿಂದ ಆಗುವ ಕೆಲಸವಲ್ಲ.

ಇನ್ನು ದೋಷವಿಚಾರ. ನ್ಯಾಯಶಾಸ್ತ್ರ ಹೇಳುವ ಮೂರೂ ಲಕ್ಷಣದೋಷಗಳನ್ನು ‘ಕೌಂಟರ್ ಸ್ಟ್ರೈಕ್ 1.6’ರ ಸರ್ವರ್ ಪಟ್ಟಿಯ ಒಂದೇ ಪುಟದಲ್ಲಿ ತೋರಿಸಬಹುದು. ‘ಇಂಡಿಯಾ ಪಬ್ಲಿಕ್ ಸರ್ವರ್’: ಅತಿವ್ಯಾಪ್ತಿ, ಇಡೀ ದೇಶವೇ ಇದರೊಳಗೆ ಬಂತು. ‘ಮಂಜನ ಮಹಡಿ ರೂಮು’: ಅವ್ಯಾಪ್ತಿ, ಮಂಜನನ್ನು ಬಲ್ಲ ನಾಲ್ವರ ಹೊರತು ಯಾರೂ ಬಾರರು. ಮೂರನೆಯ ಅಸಂಭವ ದೋಷಕ್ಕೆ ‘ನೋ ಲ್ಯಾಗ್’ ಎಂಬ ಎರಡೇ ಪದ ಸಾಕು. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಗೂ ಫ್ರಾಂಕ್‌ಫರ್ಟಿಗೂ ನಡುವೆ 7,000 ಕಿ.ಮೀ.ಗೂ ಹೆಚ್ಚು. ಕೇಬಲ್ಲು ನೆಟ್ಟಗೆ ಹೋದರೂ ಗುಂಡು ಹೊಡೆದ ಸುದ್ದಿ ಹೋಗಿ ಬರಲು 70 ಮಿಲಿಸೆಕೆಂಡು ಬೇಕು, ಕೇಬಲ್ಲು ನೆಟ್ಟಗೆ ಹೋಗುವುದಿಲ್ಲ. ಭೌತಶಾಸ್ತ್ರ ಕೊಡಲಾರದ್ದನ್ನು ಬೋರ್ಡು ಕೊಡುತ್ತದೆ. ತಮಾಷೆಯೆಂದರೆ ಅದೇ ಸಾಲಿನ ಕೊನೆಯಲ್ಲಿ ಪಿಂಗ್ ಎಂಬ ಅಂಕಿ ನಿಂತು ಯಜಮಾನನ ವಿರುದ್ಧವೇ ಸಾಕ್ಷಿ ನುಡಿಯುತ್ತಿರುತ್ತದೆ. ‘1000 ಎಫ್‌ಪಿಎಸ್’, ‘ಫ್ರೀ ವಿಐಪಿ’ ಎಂದು ಸೇರಿಸಿಕೊಂಡವರನ್ನು ಕುರಿತು ಪ್ರತ್ಯೇಕ ವಿಚಾರ ಅನವಶ್ಯಕ. ಎಲ್ಲರೂ ವಿಐಪಿಯಾದ ಕಡೆ ಮೊದಲ ಗುಂಡು ಯಾರಿಗೆಂಬುದಷ್ಟೇ ಪ್ರಶ್ನೆ.

ಸೂಕ್ಷ್ಮ ಇರುವುದು ಆದ್ಯಕ್ಷರದಲ್ಲಿ. ಯಂತ್ರದ ವರ್ಣಮಾಲೆ ‘ಅ’ಕಾರಾದಿಯಲ್ಲ, ಆಶ್ಚರ್ಯಸೂಚಕಾದಿ. ಆಸ್ಕಿ ಸಂಕೇತಗಳಲ್ಲಿ ಆಶ್ಚರ್ಯಸೂಚಕದ ಅಂಕ 33. ಇಂಗ್ಲಿಷಿನ ದೊಡ್ಡ ‘ಎ’ 65ರಲ್ಲಿ ಕೂತಿದೆ. ಪಟ್ಟಿಯನ್ನು ಈ ಅಂಕಗಳ ಕ್ರಮದಲ್ಲಿ ಜೋಡಿಸಿದರೆ ‘!’ ಹಚ್ಚಿಕೊಂಡವನೇ ಮೇಲೆ. ಕಂಡ ನೆರೆಯವನು ಎರಡು ಹಚ್ಚುತ್ತಾನೆ, ಅವನನ್ನು ಕಂಡವನು ಐದು. ಕೊನೆಗೆ 32ನೆಯ ಸ್ಥಾನದಲ್ಲಿ ಖಾಲಿ ಜಾಗವಿದೆಯೆಂದು ಬಲ್ಲ ಜ್ಞಾನಿಯೊಬ್ಬ ಹೆಸರಿನ ಮುಂದೆ ಏನೂ ಇಲ್ಲದ್ದನ್ನು ಇಟ್ಟು ಎಲ್ಲರನ್ನೂ ಗೆಲ್ಲುತ್ತಾನೆ. ಶೂನ್ಯ ಸಂಪಾದನೆ ಎಂದರೆ ಇದೇ. ನಮ್ಮ ‘ಅ’ಕಾರದ ಯೂನಿಕೋಡ್ ಅಂಕವಾದರೋ 3205. ‘ಅಣ್ಣಾವ್ರ ಅಡ್ಡ’ ಎಂದು ಅಭಿಮಾನದಿಂದ ಕನ್ನಡ ಲಿಪಿಯಲ್ಲೇ ಬರೆದವನು ಝಡ್ ಅಕ್ಷರದವರೆಲ್ಲ ಮುಗಿದ ಮೇಲೆ, ಪಟ್ಟಿಯ ತಳದಲ್ಲಿ, ಅದನ್ನು ತಲೆಕೆಳಗು ಮಾಡುವ ಸಹೃದಯನಿಗಾಗಿ ಕಾದಿದ್ದಾನೆ.

ಇಷ್ಟೆಲ್ಲ ಲಕ್ಷಣಗಳನ್ನು ಒಟ್ಟಿಗೆ ಧಿಕ್ಕರಿಸಿ ನಿಂತ ಉದಾಹರಣೆ ‘2ಬಿ2ಟಿ’. 2010ರ ಡಿಸೆಂಬರಿನಲ್ಲಿ ಶುರುವಾದ ಈ ಮೈನ್‌ಕ್ರಾಫ್ಟ್ ಸರ್ವರಿನ ಹೆಸರು ಅಂಕಿಯಿಂದ ಆರಂಭವಾಗುತ್ತದೆ, ಕೇಳಿದರೆ ವಾಹನದ ನಂಬರ್ ಪ್ಲೇಟು. ನಿಯಮವೆಂಬುದೇ ಇಲ್ಲದ ಕಡೆ. ಕಟ್ಟಿದ್ದನ್ನು ಕೆಡವುವುದೇ ಅಲ್ಲಿನ ನಿತ್ಯಕರ್ಮ. ಆದರೂ ಜಗತ್ಪ್ರಸಿದ್ಧ. ಲೈಬ್ಸರ ಮತದಿಂದ ಇದನ್ನು ಸಮರ್ಥಿಸಲಾಗದು, ಆಶ್ವಲಾಯನ ಗೃಹ್ಯಸೂತ್ರದಿಂದ ಆಗುತ್ತದೆ: ಪ್ರತಿಷ್ಠೆ ಬಯಸುವವನಿಗೆ ಎರಡಕ್ಷರದ ಹೆಸರು, ಬ್ರಹ್ಮವರ್ಚಸ್ಸು ಬಯಸುವವನಿಗೆ ನಾಲ್ಕಕ್ಷರದ್ದು ಎಂದು ಅಲ್ಲಿದೆ. ಟು-ಬಿ-ಟು-ಟಿ. ಎಣಿಸಿಕೊಳ್ಳಿ.

ಆದರೆ ಸಿದ್ಧಾಂತ ಬೇರೆಯೇ. ಮೈನ್‌ಕ್ರಾಫ್ಟಿನಲ್ಲಿ ಸರ್ವರಿನ ವಿಳಾಸವನ್ನು ತನ್ನ ಪಟ್ಟಿಗೆ ಸೇರಿಸುವಾಗ ಅದರ ಹೆಸರನ್ನು ಬರೆದುಕೊಳ್ಳುವವನು ಆಟಗಾರನೇ. ದೇವರು ತನಗೇನು ಹೆಸರಿಟ್ಟುಕೊಂಡರೂ ಭಕ್ತ ಕರೆಯುವುದು ತನ್ನಿಷ್ಟದಂತೆ. ಕೌಂಟರ್ ಸ್ಟ್ರೈಕಿನಲ್ಲಿ ‘ಫೇವರಿಟ್ಸ್’ಗೆ ಹಾಕಿಕೊಂಡ ಸರ್ವರನ್ನು ಆಟ ಹುಡುಕುವುದು ಐಪಿ ವಿಳಾಸದಿಂದ. ಯಜಮಾನ ರಾತ್ರೋರಾತ್ರಿ ಹೆಸರು ಬದಲಿಸಿದರೂ ಹಳಬರು ತಪ್ಪದೆ ಬರುತ್ತಾರೆ. ಹೆಸರು ಹಾಗೇ ಇದ್ದು ಐಪಿ ಬದಲಾದರೆ ಒಬ್ಬನೂ ಬರುವುದಿಲ್ಲ. ಸೈಬರ್ ಕೆಫೆಗಳ ಲ್ಯಾನ್ ಕಾಲದಲ್ಲಂತೂ ಪಕ್ಕದ ಕ್ಯಾಬಿನ್ನಿನಿಂದ ಕೇಳುತ್ತಿದ್ದುದು ‘ಮಗಾ, ಆ ಡಸ್ಟ್ ಟೂ ಮ್ಯಾಪ್ ಇರೋದಕ್ಕೆ ಬಾ’ ಎಂದೇ. ಹೆಸರನ್ನು ಓದಿದವರಾರು? ಆದ್ದರಿಂದ ಹೆಸರು ಬೇಕಾಗಿರುವುದು ಅಪರಿಚಿತನಿಗೆ ಮಾತ್ರ, ಅದೂ ಒಂದೇ ಒಂದು ಸಲ, ಅವನು ಪಟ್ಟಿಯನ್ನು ಸರ್ರನೆ ಜಾರಿಸುವ ಕ್ಷಣದಲ್ಲಿ. ಕಾಲಂನ ಅಗಲದಾಚೆ ಬರೆದದ್ದೆಲ್ಲ ಯಜಮಾನನ ಸ್ವಂತ ಪಾರಾಯಣಕ್ಕೆ.

ಫಲಶ್ರುತಿ. ಈ ಮೀಮಾಂಸೆಯನ್ನು ಶುಕ್ರವಾರ ಸಂಜೆ ಒಮ್ಮೆ ಪಠಿಸಿದವನ ಸರ್ವರಿಗೆ ಬಾಟ್‌ಗಳು ಬರುತ್ತವೆ. ಎರಡು ಸಲ ಪಠಿಸಿದರೆ ಮನುಷ್ಯರು ಬರುತ್ತಾರೆ. ಶ್ರದ್ಧೆಯಿಂದ ಮೂರು ಸಲ ಪಠಿಸಿದವನಿಗೆ 32 ಸ್ಲಾಟುಗಳೂ ತುಂಬಿ, ಊಟ ಮುಗಿಸಿ ಬಂದು ಕೂತಾಗ ‘ಸರ್ವರ್ ಈಸ್ ಫುಲ್’ ಎಂಬ ದರ್ಶನವಾಗುತ್ತದೆ.