ಬಿಕಾಸ್ ಅಂದ್ರೆ ಸಾಕಾ ಸ್ವಾಮಿ?

ನಿಜ ಹೇಳಿ, ಹೋದ ಸಲ ಆಫೀಸಿಗೆ ರಜೆ ಕೇಳಿದ್ದು ಯಾವ ಭಾಷೇಲಿ? ಹೆಂಡತಿ ಹತ್ರ ‘ಯಾಕೋ ಇವತ್ತು ಬೇಜಾರು ಕಣೇ, ಹೋಗಲ್ಲ’ ಅಂದವರು, ಬಾಸ್‌ಗೆ ಮಾತ್ರ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಅಂತ ಶುರು ಹಚ್ಕೋತೀರಿ. ಸಫರಿಂಗ್ ಅಂತೆ! (ಪಕ್ಕದಲ್ಲಿ ಖಾರಾ ಮಂಡಕ್ಕಿ, ಎದುರಿಗೆ ಮ್ಯಾಚು.)

ಹೈಸ್ಕೂಲಲ್ಲಿ ಬಾಯಿಪಾಠ ಮಾಡಿಸಿದ ಲೀವ್ ಲೆಟರ್ ಅದು, ಎಲ್ಲಿಗೆ ಹೋಗುತ್ತೆ ಹೇಳಿ. ಆದ್ರೆ ಆ ಆಸ್ ಇದೆಯಲ್ಲ, ಭಾರೀ ಕಿಲಾಡಿ. ಕಾರಣ ಊರಿಗೆಲ್ಲಾ ಗೊತ್ತಿರೋದೇ ಅನ್ನೋ ಹಾಗೆ ವಾಕ್ಯದ ಮೊದಲಲ್ಲೇ ಮೆಲ್ಲಗೆ ಜಾರಿಸಿಬಿಡುತ್ತೆ. ಬಿಕಾಸ್ ಹಾಗಲ್ಲ, ಸಾಮಾನ್ಯವಾಗಿ ಕೊನೇಲಿ ಬಂದು ಕಾರಣವನ್ನೇ ಎತ್ತಿ ತೋರಿಸುತ್ತೆ.

ಅದೂ ಸಾಲದು ಅನ್ನಿಸಿದ್ರೆ? ‘ಇಟ್ ವಾಸ್ ಬಿಕಾಸ್ ಆಫ್ ದ ಟ್ರಾಫಿಕ್ ದಟ್ ಐ ವಾಸ್ ಲೇಟ್!’ ಆಹಾ! ಟ್ರಾಫಿಕ್ಕು ಕಟಕಟೇಲಿ, ನೀವು ಆರಾಮಾಗಿ ಹೊರಗೆ. (ಅಲಾರಾಂ ಆಫ್ ಮಾಡಿ ಮಗ್ಗಲು ಬದಲಿಸಿದ್ದು ಯಾರು ಅಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೇನು ಗೊತ್ತು, ಪಾಪ.) ಕನ್ನಡದಲ್ಲಾದ್ರೆ ‘ಟ್ರಾಫಿಕ್ಕಿಂದಲೇ ಸಾರ್’ ಅಂತ ಒಂದು ಏಕಾರ ಎಳೆದ್ರೆ ಮುಗೀತು. ಆ ಏಕಾರವನ್ನೇ ಇಂಗ್ಲಿಷಿಗೂ ಹೊತ್ಕೊಂಡು ಹೋಗಿ ‘ದಟ್ಸ್ ವೈ ಓನ್ಲಿ ಸಾರ್’ ಅಂತೀರಲ್ಲ, ನಾ ಕೇಳಿಸ್ಕೊಂಡಿದೀನಿ.

ನಿಮ್ಮ ಧೈರ್ಯಕ್ಕೊಂದು ವಿಷಯ ಹೇಳ್ಲಾ? ಎಲೆನ್ ಲ್ಯಾಂಗರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ಮತ್ತವರ ಜೊತೆಗಾರರು ಬಿಕಾಸ್ ಅಂದ್ರೆ ಜನ ಒಪ್ತಾರಾ ಅನ್ನೋದನ್ನೇ ಪರೀಕ್ಷೆ ಮಾಡಿ 1978ರಲ್ಲಿ ಪ್ರಕಟಿಸಿದ್ರು. ಜೆರಾಕ್ಸ್ ಮಿಷನ್ ಹತ್ರ ಹೋಗಿ ‘ಐದೇ ಪುಟ, ನಾನು ಮೊದಲು ಮಾಡ್ಕೊಳ್ಲಾ?’ ಅಂದ್ರೆ ನೂರಕ್ಕೆ 60 ಜನ ಬಿಟ್ರು. ‘ಬಿಕಾಸ್, ಅರ್ಜೆಂಟಿದೆ’ ಅಂದಾಗ 94. ‘ಬಿಕಾಸ್, ಜೆರಾಕ್ಸ್ ಮಾಡಬೇಕಿದೆ’ ಅಂದಾಗ? (ಮತ್ತೇನು, ಅಲ್ಲಿ ಕಾಫಿ ಸೋಸೋಕಾಗುತ್ತಾ?) ಅದಕ್ಕೂ 93!

ನಗ್ತಾ ಇದ್ದೀರಾ? ತಡೀರಿ. ಪುಟ ಇಪ್ಪತ್ತು ಅಂದ ಕೂಡಲೇ ಆಟ ಕೆಟ್ಟಿತು. ಪೊಳ್ಳು ಬಿಕಾಸಿಗೆ ಸಿಕ್ಕಿದ್ದು ಬರೀ 24, ಕಾರಣವನ್ನೇ ಹೇಳದವರಿಗೂ ಅಷ್ಟೇ. ಅರ್ಜೆಂಟು ಅಂದವರಿಗೆ ಮಾತ್ರ 42.

ಹಾಗಾಗಿ ಒಂದು ದಿನದ ಸಿಎಲ್‌ಗೆ ಏನಾದ್ರೂ ಬರೆದು ಒಗೀರಿ. ದೀಪಾವಳಿಗೆ ಎರಡು ವಾರ ಊರಿಗೆ ಹೋಗ್ಬೇಕು ಅಂತಿದ್ರೆ ಮಾತ್ರ ಗಟ್ಟಿ ಕಾರಣ ಈಗಲೇ ಹುಡುಕಿಟ್ಕೊಳ್ಳಿ. ತಂಗಿ ಮದುವೆ ಬೇಡ ಮಾರಾಯ್ರೆ, ಅವಳಿಗೆ ಈ ವರ್ಷವೇ ಎರಡು ಸಲ ಮಾಡಿಸಿದ್ದೀರಿ.